ಗೋಡೆ ಕಡೆ ತಿರುಗಿ ಮಾತಾಡುತ್ತಿದ್ದ ಅತ್ತೆ

“ಕಚ್ಚು ಕಣೇ, ಕಚ್ಚು. ಕೈ ಮಾತ್ರ ಬಿಡಲ್ಲ ನಾನು.”

ನಮ್ಮತ್ತೆಯ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಯಾವಾಗಲೋ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕುಡುಗೋಲು ತಾಗಿದ್ದು. ಮತ್ತೆ ಕೂಡಿಕೊಳ್ಳಲೇ ಇಲ್ಲ. ಆ ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ನನ್ನ ಮಗಳ ಮುದುರಿದ ಬಲಗೈಯೊಳಗೆ ತೂರಿಸಿ, ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆತ್ತುತ್ತಿದ್ದರು. ಮಗಳಿಗೆ ಆಗ ನಾಲ್ಕು ವರ್ಷ. ಅಜ್ಜಿಯ ಮುಂಗೈಗೆ ಹಲ್ಲು ಊರಿದ್ದಳು. ಕಿರುಚುವುದಕ್ಕೆ ಬಾಯಿ ಬಿಟ್ಟಾಗ ಹಲ್ಲಿನ ಗುರುತು ಕಾಣುತ್ತಿತ್ತು. ಬೀದಿಯವರು ಬಾಗಿಲಿಗೆ ಬಂದು ನಿಂತಿದ್ದರು.

ನಾನು ಲಗೇಜ್ ಆಟೋ ನಿಲ್ಲಿಸಿ ಒಳಗೆ ಓಡಿದೆ. “ಬಿಡ್ಸೇ ಮಗೀನ, ಸತ್ತೋಗ್ತಾಳೆ!” ಎಂದು ಹೆಂಡತಿಯ ಮೇಲೆ ಕೂಗಿದೆ.

ಅತ್ತೆ ಕೈ ಬಿಡಲಿಲ್ಲ. ನನ್ನ ದನಿ ಕೇಳಿದ್ದೇ ಸೆರಗು ತಲೆ ಮೇಲೆಳೆದುಕೊಂಡು ಗೋಡೆ ಕಡೆ ತಿರುಗಿದರು. ಗೋಡೆಗೇ ಹೇಳಿದರು. “ಚಿನ್ನಿ, ನಿಮ್ಮಪ್ಪಂಗೆ ಹೇಳು. ಇವತ್ತು ಬಿಟ್ರೆ ನಾಳೆ ಈ ಕೈ ಬಿಚ್ಚಲ್ಲ ಅಂತ.”

ಕಿರುಚುತ್ತಿದ್ದ ಮಗು ಏನು ಹೇಳೀತು? ಆದರೆ ಅತ್ತೆ ನನ್ನ ಜೊತೆ ಮಾತಾಡುತ್ತಿದ್ದದ್ದೇ ಹಾಗೆ. ಅವರ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ನಿಲ್ಲಬಾರದು, ಮುಖ ನೋಡಿ ಮಾತಾಡಬಾರದು. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಅವರ ಮುಖವನ್ನು ನೆಟ್ಟಗೆ ನೋಡಿದ್ದು ಕಡಿಮೆ. ಬೆನ್ನು ಗೊತ್ತು. ಸೆರಗು ಗೊತ್ತು. ಆ ಸೀಳಿದ ಉಗುರು ಗೊತ್ತು. ಅವರ ಮನೆಯಲ್ಲಿ ನನಗೆ ಊಟ ಬಡಿಸಬೇಕಾದರೆ, “ಚಿನ್ನಿ, ನಿಮ್ಮಪ್ಪಂಗೆ ಇನ್ನೊಂದು ಮುದ್ದೆ ಬೇಕಾ ಕೇಳು” ಅನ್ನುತ್ತಿದ್ದರು. ಮಗಳು ಹುಟ್ಟುವುದಕ್ಕೆ ಮುಂಚೆ ಬೆಕ್ಕಿಗೆ ಹೇಳುತ್ತಿದ್ದರು.

ಅವರ ಊರು ನಂಗಲಿ ಪಕ್ಕ, ಆಂಧ್ರದ ಗಡಿ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ನಮ್ಮದು ಮಾಲೂರು ತಾಲ್ಲೂಕು, ಟೇಕಲ್ ಹತ್ತಿರ. ನಾನು ರೈತರ ಟೊಮೊಟೊ ತುಂಬಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹಾಕುವವನು. ಅತ್ತೆ ಗಂಡ ಸತ್ತ ಮೇಲೆ ಮಗನ ಜೊತೆ ರೇಷ್ಮೆ ಹುಳ ಮೇಯಿಸುತ್ತಿದ್ದರು.

ಕೈ ಸುಟ್ಟದ್ದು ಅವರ ಮನೆಯಲ್ಲೇ. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಹುಳ ಹಣ್ಣಾಗಿದ್ದ ದಿನ. ಹುಳ ಹಣ್ಣಾದರೆ ಕಾಯುವುದಿಲ್ಲ, ಆರಿಸಿ ಆರಿಸಿ ಗೂಡು ಕಟ್ಟುವ ಬಿದಿರು ತಟ್ಟೆಗೆ ಬಿಡಬೇಕು. ಮನೆಮಂದಿಯೆಲ್ಲ ಹುಳದ ಮನೆಯಲ್ಲಿದ್ದರು. ಒಲೆ ಮೇಲೆ ಮುದ್ದೆಯ ಹಿಟ್ಟು ಕುದಿಯುತ್ತಿತ್ತು. ಮಗಳು ಅದರಲ್ಲಿ ನಿಂತಿದ್ದ ಕೋಲನ್ನು ಹಿಡಿಯಲು ಹೋಗಿ ಕೈಯನ್ನೇ ಇಳಿಸಿದಳು. ಬಿಸಿನೀರಾದರೆ ಜಾರಿ ಹೋಗುತ್ತದೆ. ರಾಗಿ ಹಿಟ್ಟು ಅಂಟಿಕೊಂಡು ಕೂರುತ್ತದೆ.

ಎಲ್ಲರಿಗಿಂತ ಮೊದಲು ಓಡಿ ಬಂದವರು ಅತ್ತೆ. ತೊಳೆದರು, ಲೋಳೆಸರ ಹಚ್ಚಿದರು. ಮಗು ನೋವಿಗೆ ಮುಷ್ಟಿ ಬಿಗಿ ಹಿಡಿದಿತ್ತು. ಬಿಚ್ಚಲು ಹೋದರೆ ಉಸಿರು ಕಟ್ಟುವ ಹಾಗೆ ಅಳುತ್ತಿತ್ತು. ಮುಚ್ಚಿದ್ದರೆ ಸುಮ್ಮನಿರುತ್ತಿತ್ತು. ಅತ್ತೆ ಆ ಮುಷ್ಟಿಯನ್ನು ಮುಚ್ಚಿದ್ದ ಹಾಗೇ ಹಳೇ ಪಂಚೆಯಲ್ಲಿ ಸುತ್ತಿ ಕಟ್ಟಿದರು. ಸುಟ್ಟ ಗಾಯಕ್ಕೆ ಗಾಳಿ ತಾಕಬಾರದು ಎಂದು ಅವರ ಕಡೆ ನಂಬಿಕೆ. ಪೊರೆ ಕಟ್ಟುವ ತನಕ ಬಿಚ್ಚಬಾರದು. ಅವರ ಮಕ್ಕಳಿಗೂ ಹಾಗೇ ಕಟ್ಟಿ ವಾಸಿ ಮಾಡಿದವರು. ಅವರ ಅಮ್ಮನೂ ಹಾಗೇ ಮಾಡಿದ್ದು. ಯಾರೂ ಬೇಡ ಅನ್ನಲಿಲ್ಲ. ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. ಫೋನಿನಲ್ಲಿ ನನಗೂ ಹೇಳಿದಳು, ನಾನೂ ಸರಿ ಅಂದೆ.

ಬಟ್ಟೆ ಬಿಚ್ಚಿದಾಗ ಗಾಯ ಮಾದಿತ್ತು. ಬೆರಳು ಅಂಗೈಗೆ ಅಂಟಿಕೊಂಡೇ ಮಾದಿತ್ತು.

ಕೋಲಾರದ ಆಸ್ಪತ್ರೆಯಲ್ಲಿ ಚರ್ಮ ಬಿಡಿಸಿದರು. ಕೈಯನ್ನು ಹಲಗೆಗೆ ಕಟ್ಟಿ ಕಳಿಸಿದರು. ಗಾಯ ಆರಿದ ಮೇಲೆ ಡಾಕ್ಟರು ಕೂರಿಸಿಕೊಂಡು ಹೇಳಿದರು. “ಸುಟ್ಟ ಚರ್ಮ ಎಳ್ಕೊಳ್ತಾನೇ ಇರುತ್ತೆ. ದಿನಾ ಬೆರಳು ಬಿಚ್ಚಿಸಬೇಕು, ಕೆಲ್ಸ ಮಾಡಿಸಬೇಕು. ಬಿಟ್ರೆ ಮತ್ತೆ ಮುಚ್ಕೊಳ್ಳುತ್ತೆ. ಆಮೇಲೆ ದೊಡ್ಡ ಆಪರೇಷನ್ನೇ. ಅದಾದ್ಮೇಲೂ ನೆಟ್ಟಗಾಗುತ್ತೆ ಅಂತ ನಾನು ಮಾತು ಕೊಡಲ್ಲ.”

ಅತ್ತೆ ಬಾಗಿಲ ಹಿಂದೆ ನಿಂತಿದ್ದರು. ನಾನು ಹೊರಗೆ ಬಂದವನೇ ಅವರ ಬೆನ್ನಿಗೆ ಅಂದೆ. “ಯಾರು ಕಟ್ಟು ಅಂದಿದ್ದು ನಿಮಗೆ?” ಅಷ್ಟು ವರ್ಷದಲ್ಲಿ ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವರು ತಿರುಗಲಿಲ್ಲ.

ಸ್ವಲ್ಪ ದಿನಕ್ಕೆ ಒಂದು ಮೂಟೆ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಹುಳದ ಮನೆಯನ್ನು ಮಗನಿಗೆ ಬಿಟ್ಟು ಬಂದಿದ್ದರು. ಮೂಟೆಯಲ್ಲಿ ಅವರದೇ ರಾಗಿ ಹಿಟ್ಟು, ಅವರದೇ ಪಾತ್ರೆ. ಅಳಿಯನ ಮನೆ ಅನ್ನ ತಿನ್ನಬಾರದಲ್ಲ! ನಮ್ಮ ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡಿದರು. ನನ್ನ ಹೆಂಡತಿ ಅತ್ತು ಕರೆದಳು, ಬರಲಿಲ್ಲ. ನೀರು ಕೂಡ ಬೀದಿ ನಲ್ಲಿಯಿಂದ ತಂದುಕೊಳ್ಳುತ್ತಿದ್ದರು.

ಎದುರು ಮನೆ ಹೆಂಗಸಿಗೆ ನಾಲಿಗೆ ಸುಮ್ಮನಿರುತ್ತದಾ? “ಏನಕ್ಕಾ, ಮಗ ಓಡಿಸಿಬಿಟ್ನಾ? ಅಳಿಯನ ಹಿತ್ತಲಲ್ಲಿ ಸಂಸಾರ ಹೂಡಿದ್ದೀಯ?”

“ಇಲ್ಲ ತಾಯಿ, ಮೊಮ್ಮಗಳು ಕೂಲಿಗೆ ಕರೆದವ್ಳೆ.”

“ಎಷ್ಟು ದಿನದ ಕೂಲಿ?”

“ಐದು ಬೆರಳಿನ ಕೂಲಿ. ಬೆರಳು ಎದ್ದ ದಿನ ಲೆಕ್ಕ ಚುಕ್ತಾ. ನಿನ್ನ ಹಿತ್ತಲಿಗೇನೂ ಬರಲ್ಲ, ಹೆದರಬೇಡ.”

ಬಾಯಿ ಹೀಗೆ ಗಟ್ಟಿ. ಆದರೆ ಕೆಲಸ ಆಗುತ್ತಿರಲಿಲ್ಲ. ಎಣ್ಣೆ ಹಚ್ಚಿ ಎಳೆಯುವುದು, ಮಗು ಕಿರುಚುವುದು, ಕಚ್ಚುವುದು. ನಾನು ಮೊದಲು ಹೇಳಿದ ಆ ದಿನ ನಡೆದದ್ದು ಆಗಲೇ. ಆಮೇಲಾಮೇಲೆ ಅಜ್ಜಿಯ ಹೆಜ್ಜೆ ಸದ್ದು ಕೇಳಿದರೇ ಮಗು ಕೈಯನ್ನು ಲಂಗದೊಳಗೆ ಬಚ್ಚಿಟ್ಟುಕೊಳ್ಳುತ್ತಿತ್ತು. ಒಂದು ದಿನ ಅವರನ್ನು ನೋಡಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು.

ಅತ್ತೆ ಅವತ್ತು ಎಣ್ಣೆ ಬಟ್ಟಲು ಕೆಳಗಿಟ್ಟರು. ಹಿತ್ತಲಿಗೆ ಹೋಗಿ ಒಲೆ ಮುಂದೆ ಕೂತರು. ಒಲೆ ಉರಿಯುತ್ತಿರಲಿಲ್ಲ. ನನ್ನ ಹೆಂಡತಿ ಹೋಗಿ “ಏನಮ್ಮಾ” ಅಂದದ್ದಕ್ಕೆ, “ಕಟ್ಟಿದ್ದೂ ನಾನೇ, ಬಿಚ್ಚಕ್ಕಾಗ್ದೇ ಇರೋಳೂ ನಾನೇ. ಅದಕ್ಕೆ ನನ್ನ ಕಂಡ್ರೆ ಭಯ ಕಣೇ. ಇನ್ನೇನು ಮಾಡ್ಲಿ?” ಅಂದರು. ಗೋಡೆಯ ಈಚೆ ನನಗೆ ಕೇಳಿಸಿತು. ಅಳುವ ದನಿಯಲ್ಲ. ಬಾವಿಯಲ್ಲಿ ಬಿದ್ದವರು ಕೂಗಿ ಕೂಗಿ ಸುಸ್ತಾದ ಮೇಲೆ ಮಾತಾಡುವ ಹಾಗಿತ್ತು.

ಮಾರನೇ ದಿನ ನಾನು ಮಾರ್ಕೆಟ್ಟಿಂದ ಬರುವ ಹೊತ್ತಿಗೆ ಮನೆಯಲ್ಲಿ ನಗು. ಆ ಮನೆಯಲ್ಲಿ ನಗು ಕೇಳಿ ತಿಂಗಳುಗಳೇ ಆಗಿದ್ದವು.

ಅತ್ತೆ ಜಗುಲಿ ಮೇಲೆ ಕೂತಿದ್ದರು. ಅವರ ಮೂಟೆಯ ತಳದಲ್ಲಿ ರೇಷ್ಮೆ ಗೂಡುಗಳಿದ್ದವಂತೆ. ಮಾರದೆ ಉಳಿದು, ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಹೋದ ಗೂಡು. ನೂಲಿಗೆ ಬಾರದವು. ಅವುಗಳನ್ನು ಬ್ಲೇಡಿನಲ್ಲಿ ಕತ್ತರಿಸಿ ಟೋಪಿ ಮಾಡಿದ್ದರು. ಕಾಡಿಗೆಯಲ್ಲಿ ಕಣ್ಣು, ಕುಂಕುಮದಲ್ಲಿ ಬಾಯಿ. ತಮ್ಮ ಐದು ಬೆರಳಿಗೂ ಹಾಕಿಕೊಂಡು ಕುಣಿಸುತ್ತಿದ್ದರು. ಹೆಬ್ಬೆರಳು ಅವ್ವ, ಅಂದರೆ ಅಜ್ಜಿ. ಅವರ ಕಡೆ ಹಾಗೇ ಕರೆಯುವುದು. ತೋರುಬೆರಳು ಅಮ್ಮ. ನಡುಬೆರಳು ಸತ್ತುಹೋದ ತಾತ, ಅವರು ಎತ್ತರದ ಆಳು. ಉಂಗುರದ ಬೆರಳು ಮಾವ. ಕಿರುಬೆರಳು ಅಳಿಯ. ನಾನು.

ಮಗಳು ಕೈ ಚಾಚಿದ್ದಳು. ಆ ಕೈಯನ್ನೇ! “ನಂಗೂ ಹಾಕು.”

“ಮಲಗಿರೋರಿಗೆ ಟೋಪಿ ಇಲ್ಲ ಬಂಗಾರು. ಎದ್ದು ನಿಂತೋರಿಗೆ ಮಾತ್ರ.”

ಹೆಬ್ಬೆರಳು ನಿಂತಿತು. ಟೋಪಿ ಬಂತು. ತೋರುಬೆರಳು ಅರ್ಧ ಎದ್ದಿತು. ಅತ್ತೆ ತಲೆ ಅಲ್ಲಾಡಿಸಿದರು. “ನಿಮ್ಮಮ್ಮ ಇನ್ನೂ ಹಾಸಿಗೇಲೇ ಅವ್ಳೆ. ಎಬ್ಬಿಸು.” ಮಗಳು ತುಟಿ ಕಚ್ಚಿದಳು, ಕಣ್ಣಲ್ಲಿ ನೀರು ಬಂತು. ಬೆರಳು ಇನ್ನಷ್ಟು ಎದ್ದಿತು. ಯಾರೂ ಎಳೆಯಲಿಲ್ಲ. ಅವಳೇ ಎತ್ತಿದ್ದು.

ಕಿರುಬೆರಳು ಮಾತ್ರ ಅಲ್ಲಾಡಲಿಲ್ಲ. ಅತ್ತೆ ಅದರ ಹತ್ತಿರ ಬಾಯಿ ತಂದು, ಅದು ನಾನೇ ಅನ್ನುವ ಹಾಗೆ ಮರ್ಯಾದೆಯಿಂದ ಕರೆದರು. “ಅಲ್ಲುಡುಗಾರೂ... ಅಳಿಯಂದಿರೇ... ಬಿಸಿಲು ನೆತ್ತಿಗೇರಿತು. ಹಿಂಗೆ ಮುದುರ್ಕೊಂಡಿದ್ರೆ ಹೆಂಡ್ತಿ ಮಕ್ಕಳ ಗತಿ? ಬೀಡಿ ಸೇದೀ ಸೇದೀ ಬೆನ್ನು ಬಗ್ಗೋಗೈತೆ, ನೋಡೇ ಚಿನ್ನಿ.”

ನಾನು ಕೈಯಲ್ಲಿದ್ದ ಬೀಡಿ ಎಸೆದೆ. ಮಗಳು ಬಿದ್ದು ಬಿದ್ದು ನಕ್ಕಳು. ಅತ್ತೆಗೆ ಆಗ ನಾನು ನಿಂತಿರುವುದು ಗೊತ್ತಾಯಿತು. ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿದರು. ಬೆನ್ನು ಅಲ್ಲಾಡುತ್ತಿತ್ತು. ಅವರೂ ನಗುತ್ತಿದ್ದರು.

ನಾನೂ ಬಿಡಲಿಲ್ಲ. “ಚಿನ್ನಿ, ನಿಮ್ಮವ್ವಂಗೆ ಹೇಳು. ಅಲ್ಲುಡು ಕೋಳಿ ಕೂಗಕ್ಕೆ ಮುಂಚೆ ಎದ್ದು ಟೊಮೊಟೊ ಹೊಡೀತಾನೆ ಅಂತ.”

“ಚಿನ್ನಿ, ನಿಮ್ಮಪ್ಪಂಗೆ ಹೇಳು. ಟೊಮೊಟೊ ಹೊಡೆಯೋರು ಬೇಜಾನ್ ಜನ ಅವ್ರೆ. ಈ ಬೆರಳು ಎದ್ರೆ ಸಾಕು ಅಂತ.”

ಆವತ್ತಿಂದ ನಮ್ಮ ಜಗುಲಿ ಅಂಗಡಿಯಾಯಿತು. ಬಣ್ಣಕ್ಕೆ ಅರಿಶಿನ, ಬೀಟ್‌ರೂಟು, ಬಟ್ಟೆಗೆ ಹಾಕುವ ನೀಲಿ. ಗೂಡಿನಲ್ಲಿ ಕೋಳಿ, ಮೊಲ, ಮೂಗುತಿ ಹಾಕಿದ ಹೆಂಗಸು. ತೆಂಗಿನ ಗರಿಯಲ್ಲಿ ಗಿಳಿ. ರಾಗಿ ಹಿಟ್ಟು ಕಲಸಿ ಕೊಟ್ಟು, “ಹಸು ಮಾಡು, ಕೊಂಬು ಮಾತ್ರ ಕಿರುಬೆರಳಲ್ಲಿ ಎಳೀಬೇಕು” ಅನ್ನುತ್ತಿದ್ದರು. ಮೊದಲ ಸಲ ಆ ಹಿಟ್ಟು ನೋಡಿ ಮಗು ಹಿಂದೆ ಸರಿದಿತ್ತು. ಅತ್ತೆ ಅದನ್ನು ತಮ್ಮ ಕೆನ್ನೆಗೆ, ಮೂಗಿಗೆ ಮೆತ್ತಿಕೊಂಡು, “ನೋಡು, ತಣ್ಣಗೈತೆ. ಇದು ಸತ್ತ ಹಿಟ್ಟು, ಸುಡಲ್ಲ” ಎಂದು ಕೂತರು. ಮಗು ಅವರ ಮೂಗಿನಿಂದ ಹಿಟ್ಟು ಕೀಳಲು ಕೈ ಹಾಕಿತು. ಕೀಳಬೇಕಾದರೆ ಎರಡು ಬೆರಳು ಸೇರಬೇಕು. ಅವರಿಗೆ ಬೇಕಾಗಿದ್ದದ್ದು ಅದೇ.

ಮೊದಮೊದಲು ಮಗುವಿಗಾಗಿ ಮಾಡುತ್ತಿದ್ದರು. ಬರಬರುತ್ತಾ ಅವರಿಗೇ ಹುಚ್ಚು ಹತ್ತಿತು. ಹುಟ್ಟಿದಾಗಿನಿಂದ ಸೊಪ್ಪು, ಹುಳ, ಒಲೆ ಬಿಟ್ಟು ಬೇರೆ ಕಾಣದ ಹೆಂಗಸು. ಆಟ ಆಡಿದ್ದೇ ಇಲ್ಲವೋ ಏನೋ. ಮೊಮ್ಮಗಳ ಜೊತೆ ಬಣ್ಣಕ್ಕೆ ಜಗಳ ಆಡುತ್ತಿದ್ದರು.

“ಕೋಳಿ ನೀಲಿ ಇರ್ತದೇನೇ?”

“ನನ್ ಕೋಳಿ ನೀಲಿ.”

“ಥೂ, ಅದರ ಮೊಟ್ಟೆ ಯಾರು ತಿಂತಾರೆ? ನನ್ನ ಕೋಳಿ ನೋಡು, ಹೆಂಗೈತೆ ರಾಣಿ ಹಂಗೆ.”

“ನಿಂದು ಕಾಗೆ.”

ಹಿತ್ತಲಲ್ಲಿ ಸಾರು ಸೀದು ಹೋಗುತ್ತಿತ್ತು. ಸೀದ ಸಾರನ್ನೇ ಉಣ್ಣುತ್ತಿದ್ದರು. ಸೀದದ್ದಾದರೂ ನಮ್ಮ ಮನೆಯದು ಮುಟ್ಟುತ್ತಿರಲಿಲ್ಲ.

ಆಸ್ಪತ್ರೆಗೆ ತೋರಿಸಲು ಹೋದೆವು. ಡಾಕ್ಟರು ಬೆರಳು ಮಡಚಿ, ಬಿಚ್ಚಿ ನೋಡಿದರು. ಮೂರು ಬೆರಳು ಚೆನ್ನಾಗಿದೆ ಅಂದರು. ನಾಲ್ಕನೆಯದು ಬರುತ್ತಿದೆ. ಕಿರುಬೆರಳು ಕಷ್ಟ. “ನಿಲ್ಲಿಸಬೇಡಿ. ಸ್ವಲ್ಪ ದಿನ ಬಿಟ್ರೂ ಎಳ್ಕೊಂಡುಬಿಡುತ್ತೆ” ಅಂದರು. ಬರುವಾಗ ಅತ್ತೆ ಆಟೋ ಹಿಂದೆ ಖಾಲಿ ಕ್ರೇಟುಗಳ ನಡುವೆ ಕೂತಿದ್ದರು. ಅಳಿಯನ ಪಕ್ಕ ಕೂರುವ ಹಾಗಿಲ್ಲವಲ್ಲ. ಕನ್ನಡಿಯಲ್ಲಿ ನೋಡಿದೆ. ಸೀಳಿದ ಉಗುರಿನ ಹೆಬ್ಬೆರಳಿನಿಂದ ತಮ್ಮದೇ ಕಿರುಬೆರಳನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದರು, ಎಲ್ಲಿ ಹಿಡಿದುಕೊಂಡಿದೆ ಎಂದು ಹುಡುಕುವ ಹಾಗೆ.

ಆಮೇಲೆ ಅವರಿಗೆ ಆತುರ ಹೆಚ್ಚಾಯಿತು. ಏದುಸಿರು ಬಿಡುತ್ತಿದ್ದರು. ಎದೆ ಹಿಡಿದುಕೊಂಡು ಕೂರುವುದನ್ನು ಹೆಂಡತಿ ನೋಡಿದಳು. ಆಸ್ಪತ್ರೆಗೆ ಹೋಗೋಣ ಎಂದರೆ, “ಗ್ಯಾಸು ಕಣೇ. ಮೊದ್ಲು ಬೆರಳು” ಅಂದರು. ಎಷ್ಟು ಸಲ ಕರೆದರೂ ಅದೇ ಮಾತು.

ಒಂದು ಸಂಜೆ ನಾನು ಆಟೋ ತೊಳೆಯುತ್ತಿದ್ದೆ. ಎದುರಿಗೆ ಯಾರೋ ಬಂದು ನಿಂತರು. ತಲೆ ಎತ್ತಿದರೆ ಅತ್ತೆ. ತಲೆ ಮೇಲೆ ಸೆರಗಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಹೆಂಡತಿಯದೇ ಕಣ್ಣು ಅದು, ನನಗೆ ಅವತ್ತೇ ಗೊತ್ತಾದದ್ದು.

“ಅಲ್ಲುಡೂ, ಆ ಕಿರುಬೆರಳು ಬಿಡಬೇಡಿ.”

ನಾನು ಪೈಪು ಹಿಡಿದುಕೊಂಡೇ, “ಆಯ್ತು ಅತ್ತೆ” ಅಂದೆ.

ಅಷ್ಟೇ. ಸೆರಗು ಹೊದ್ದು ಹೊರಟುಹೋದರು. ಅವರು ನನಗೆ ನೇರವಾಗಿ ಹೇಳಿದ್ದು ಅದೊಂದೇ ಮಾತು.

ಆಮೇಲೆ ಒಂದು ಬೆಳಗ್ಗೆ ಹಿತ್ತಲ ಒಲೆ ಮುಂದೆ ಕೂತವರು ಹಾಗೇ ಗೋಡೆಗೆ ಒರಗಿಕೊಂಡಿದ್ದರು. ಹಿಟ್ಟಿಗೆ ನೀರು ಕುದಿಯುತ್ತಿತ್ತು. ಕರೆದರೆ ಏಳಲಿಲ್ಲ.

ಅಳಿಯನ ಮನೆಯಿಂದ ಹೆಣ ಏಳಬಾರದು ಎಂದು ಹಿರಿಯರು ಗಲಾಟೆ ಎಬ್ಬಿಸಿದರು. ಸರಿ, ನನ್ನ ಆಟೋದಲ್ಲೇ ಮಲಗಿಸಿ ನಂಗಲಿ ಕಡೆ ಹೊರಟೆ. ಹೆಂಡತಿ ಹಿಂದೆ ಅವರ ತಲೆಯನ್ನು ತೊಡೆ ಮೇಲಿಟ್ಟುಕೊಂಡಿದ್ದಳು. ಮಗಳು ನನ್ನ ಪಕ್ಕ. ಹೈವೇಯಲ್ಲಿ ಲಾರಿಗಳು ಸದ್ದು ಮಾಡಿಕೊಂಡು ಹೋಗುತ್ತಿದ್ದವು. ಮಗಳು ಬೆರಳಿಗೆ ಟೋಪಿ ಹಾಕಿಕೊಂಡಿದ್ದಳು. “ಅವ್ವ ಯಾವಾಗ ಏಳ್ತಾಳೆ?” ಎಂದು ಹೆಬ್ಬೆರಳನ್ನು ಕೇಳುತ್ತಿದ್ದಳು. ನಾನು ರಸ್ತೆ ನೋಡಿಕೊಂಡು ಓಡಿಸಿದೆ. ನನ್ನನ್ನಲ್ಲವಲ್ಲ ಕೇಳಿದ್ದು.

ಹೆಣದ ಬಾಯಿಗೆ ಅಕ್ಕಿ ಹಾಕುವಾಗ ಮಗಳನ್ನೂ ಕರೆದರು. ಅವಳು ಬಲಗೈ ಮುಂದೆ ಮಾಡಿದಳು. ಸುಕ್ಕುಗಟ್ಟಿದ, ಕೆಂಪಾದ ಕೈ. ಒಬ್ಬ ಮುದುಕಿ, “ಆ ಕೈ ಬೇಡಮ್ಮ, ಇನ್ನೊಂದರಲ್ಲಿ ಹಾಕು” ಎಂದು ತಡೆದಳು.

“ಆ ಕೈಲೇ ಹಾಕ್ತಾಳೆ, ಈಚೆ ಸರ್ಕೊಳ್ಳಿ” ಅಂದೆ. ಜೋರಾಗೇ ಅಂದೆ.

ಮಗಳು ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿಸಿ ಅಕ್ಕಿ ಚಿವುಟಿ ತೆಗೆದಳು. ನಾಲ್ಕಾರು ಕಾಳು ದಾರಿಯಲ್ಲಿ ಉದುರಿದವು. ಮಿಕ್ಕದ್ದು ಅಜ್ಜಿಯ ತುಟಿ ಮೇಲೆ ಬಿತ್ತು. ನಮ್ಮ ಮನೆಯ ಕೈಯಿಂದ ಅವರ ಬಾಯಿಗೆ ಬಿದ್ದದ್ದು ಅದೊಂದೇ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಮುಗಿಯಲಿಲ್ಲ. ತಿಥಿ ಮುಗಿಯುವ ತನಕ ಅಲ್ಲೇ ಇದ್ದೆವು. ಮನೆ ತುಂಬ ಜನ. ಸೂತಕದಲ್ಲಿ ಗೊಂಬೆ ಆಟವೇನು ಎಂದು ಯಾರೋ ಟೋಪಿಗಳನ್ನು ಕಿತ್ತು ಅಟ್ಟದ ಮೇಲೆ ಎಸೆದರು. ಹೆಂಡತಿ ಅಳುವುದರಲ್ಲಿದ್ದಳು, ನಾನು ಓಡಾಟದಲ್ಲಿದ್ದೆ. ಊರಿಗೆ ಬಂದು ನೋಡಿದರೆ ಉಂಗುರದ ಬೆರಳು ಮತ್ತೆ ಬಗ್ಗಿತ್ತು. ಕಿರುಬೆರಳು ಅಂಗೈಗೆ ತಾಗಿತ್ತು. ಹೆಂಡತಿ ಅದನ್ನು ಹಿಡಿದುಕೊಂಡು, “ನಮ್ಮಮ್ಮ ಇದಕ್ಕೇನಾ ಸತ್ತಿದ್ದು” ಎಂದು ತಲೆ ಚಚ್ಚಿಕೊಂಡಳು.

ಮಾತು ಕೊಟ್ಟವನು ನಾನು. ಅವರ ಮೂಟೆ ತಂದು ಸುರಿದೆ. ಗೂಡು ಕತ್ತರಿಸಲು ಕೂತು ಬೆರಳು ಕೊಯ್ದುಕೊಂಡೆ. ಕಣ್ಣು ಬರೆದರೆ ಒಂದು ಮೇಲೆ, ಒಂದು ಕೆಳಗೆ. ಮಗಳು ನೋಡಿ, “ಇದು ಅವ್ವ ಅಲ್ಲ, ಪೊಲೀಸು” ಅಂದಳು. ಎಷ್ಟು ಬರೆದರೂ ಪೊಲೀಸೇ. ಬೆರಳು ಎಬ್ಬಿಸಲು ಕೂಗಿದೆ, ಬೇಡಿಕೊಂಡೆ, ಕೊನೆಗೆ ಗದರಿದೆ. ಅವಳು ಕೈಯನ್ನು ಲಂಗದೊಳಗೆ ಬಚ್ಚಿಟ್ಟುಕೊಂಡಳು. ಮೊದಲಿನ ಹಾಗೇ.

ಆಮೇಲೆ ಅವಳೇ ಹೇಳಿದಳು. “ನೀನು ಹಂಗಲ್ಲಪ್ಪ. ಗೋಡೆ ಕಡೆ ತಿರುಗಿ ಹೇಳು.”

ಹೆಗಲ ಮೇಲಿದ್ದ ಟವೆಲ್ಲು ತಲೆಗೆ ಹೊದ್ದುಕೊಂಡೆ. ಗೋಡೆ ಕಡೆ ತಿರುಗಿದೆ. “ಚಿನ್ನಿ, ನಿಮ್ಮಪ್ಪಂಗೆ ಏಳಕ್ಕೆ ಹೇಳು. ಅಲ್ಲುಡುಗಾರೂ, ಬಿಸಿಲು ನೆತ್ತಿಗೇರಿತು” ಅಂದೆ. ಅವರ ತೆಲುಗು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಎದುರು ಮನೆಯವಳು ನೋಡಿ ನಕ್ಕಳು. ನಗಲಿ.

ದಿನವೂ ಹಾಗೇ ಕೂರುತ್ತೇನೆ. ಲೋಡು ತಡವಾದರೂ ಸರಿ. ಉಂಗುರದ ಬೆರಳು ಸ್ವಲ್ಪ ಎದ್ದಿದೆ. ಕಿರುಬೆರಳು ಎದ್ದಿಲ್ಲ. ಮೂಟೆಯಲ್ಲಿ ಗೂಡು ತಳ ಕಾಣುತ್ತಿದೆ. ಏಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಮಗಳು ಕೈ ಚಾಚಿಕೊಂಡು ಕಾಯುತ್ತಿದ್ದಾಳೆ, ನಾನು ಗೋಡೆ ಕಡೆ ತಿರುಗಬೇಕು. ಹೇಳುವುದಕ್ಕೆ ಇನ್ನೇನೂ ಇಲ್ಲ.